ಡ್ಯಾಶ್‌ಬೋರ್ಡಿನ ಬಸವಣ್ಣ

ಮೊನ್ನೆ ಸೋಮಂದೇಪಲ್ಲಿಯಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಬಾಡಿಗೆ ಕಾರೊಂದನ್ನು ಹತ್ತಿದೆವು. ಬೆಳಗಿನಿಂದ ಗಾಜು ಮುಚ್ಚಿಕೊಂಡು ಬಿಸಿಲಲ್ಲೇ ನಿಂತಿದ್ದ ಕಾರು. ಬಾಗಿಲು ತೆಗೆದ ಕೂಡಲೇ ಕಾದ ಪ್ಲಾಸ್ಟಿಕ್ಕಿನ ವಾಸನೆ ಮುಖಕ್ಕೆ ರಾಚಿತು. ಜೊತೆಯಲ್ಲಿದ್ದ ಹೆಂಗಸರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಹೊಸ ಅಕ್ಕಿಯ ಅನ್ನದ ಮುಂದೆ ಕೂತವಳಂತೆ ಉಸಿರು ಎಳೆದುಕೊಂಡೆ. ನನ್ನ ಗಂಡ ನನ್ನ ಮುಖ ನೋಡಿ, "ಶುರುವಾಯ್ತಾ ನಿನ್ ಶಾರದಕ್ಕನ ಪುರಾಣ?" ಅಂದರು. ಅವರಿಗೂ ಗೊತ್ತು, ಆ ವಾಸನೆ ಮೂಗಿಗೆ ಬಿದ್ದರೆ ನಾನು ಒಂದೇ ಒಂದು ಬೇಸಿಗೆಗೆ ಹೋಗಿ ಕೂತುಬಿಡುತ್ತೇನೆ ಅಂತ.

ಶಾರದಕ್ಕ ನನ್ನ ಸ್ವಂತ ಅಕ್ಕನೇನೂ ಅಲ್ಲ. ಪೆನುಕೊಂಡದ ಹತ್ತಿರದ ಕಾರು ಫ್ಯಾಕ್ಟರಿಯಲ್ಲಿ ನಾವಿಬ್ಬರೂ ಗುತ್ತಿಗೆಯ ಮೇಲೆ ಡ್ಯಾಶ್‌ಬೋರ್ಡ್ ಕೂರಿಸುವ ಲೈನಿನಲ್ಲಿ ಅಕ್ಕಪಕ್ಕ ನಿಂತು ಕೆಲಸ ಮಾಡಿದವರು. ಕಾರಿನ ಮುಂದಿನ ಗಾಜಿನ ಕೆಳಗೆ, ಸ್ಟೀರಿಂಗಿನ ಹಿಂದೆ ಅಡ್ಡಕ್ಕೆ ಇರುತ್ತದಲ್ಲ, ಮೀಟರುಗಳಿರುವುದು, ಎ.ಸಿ. ಗಾಳಿ ಬರುವ ವೆಂಟುಗಳಿರುವುದು, ಅದೇ ನಮ್ಮ ಪಾಲಿನ ಕಾರು. ಉಳಿದದ್ದು ಬೇರೆಯವರದು. ಅಲ್ಲಿ ಒಂದು ಕಾರಿಗೆ ಕೈ ಹಾಕಿ ತೆಗೆಯುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತಿತ್ತು. ಅವಳಿಗೆ ಅದೇ ಬೇಜಾರು. "ಒಂದು ಕಾರಿನ ಮಖಾನಾದ್ರೂ ನೆಟ್ಟಗೆ ನೋಡಿದ್ದೀವೇನೆ ರತ್ನ? ಮದ್ವೆ ಮನೇಲಿ ಎಲೆ ಹಾಕ್ದಂಗೆ ಹಾಕ್ಕೊಂಡು ಹೋಯ್ತಾ ಇದೀವಿ" ಅನ್ನುತ್ತಿದ್ದಳು. ಗುತ್ತಿಗೆ ಮುಗಿದಾಗ ನಾನು ಅತ್ತುಬಿಟ್ಟೆ. ಅವಳು ಹಿಂದೂಪುರಕ್ಕೆ ಹೋಗಿ, ಲಾರಿ ಬಾಡಿ ಕಟ್ಟುವ ಶೆಡ್ಡಿನ ಮೂಲೆಯೊಂದನ್ನು ಕೇಳಿ ಇಸಿದುಕೊಂಡು, "ಬಾರೆ, ಇನ್ಮ್ಯಾಕೆ ಕಾರಿನ ಮಖ ನೋಡ್ಕೊಂಡು ಕೆಲ್ಸ ಮಾಡಾನ" ಎಂದು ನನಗೆ ಫೋನು ಮಾಡಿದಳು.

ಲೇಪಾಕ್ಷಿಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವುದು ನನ್ನ ದಿನಚರಿಯಾಯಿತು. ಉಗಾದಿ ಕಳೆದಿತ್ತು. ಮಾರ್ಕೆಟ್ ಯಾರ್ಡಿನ ಕಡೆಯಿಂದ ಹುಣಸೆಹಣ್ಣಿನ ಹುಳಿ ವಾಸನೆ, ಒಣಮೆಣಸಿನಕಾಯಿಯ ಘಾಟು ಎರಡೂ ಸೇರಿ ಬರುತ್ತಿದ್ದವು. ಸೀನುತ್ತಲೇ ಕೆಲಸ. ಶೆಡ್ಡಿನ ಒಡೆಯರು ಮೊದಲೇ ಹೇಳಿಬಿಟ್ಟಿದ್ದರು: ಬೇಸಿಗೆಯಲ್ಲಿ ಲಾರಿಗಳೆಲ್ಲ ಬಯಲಲ್ಲಿ ನಿಲ್ಲುತ್ತವೆ, ಮಳೆ ಹಿಡಿದರೆ ಒಳಗೆ ಬರುತ್ತವೆ, ಆಗ ನೀವು ಜಾಗ ಬಿಡಬೇಕು. ಎಲ್ಲರೂ ಮಳೆ ಬರಲಿ ಅಂತ ಆಕಾಶ ನೋಡುತ್ತಿದ್ದರೆ ಶಾರದಕ್ಕ ಒಬ್ಬಳು ಮಾತ್ರ ಮೋಡ ಕಂಡರೆ ಬೈಯುತ್ತಿದ್ದಳು.

ಆಗ ಬಂದದ್ದು ಆ ಕಾರು. ಕಲ್ಯಾಣದುರ್ಗದ ಚನ್ನಬಸಪ್ಪನವರು ಅಂತ, ಕಡಲೆಕಾಯಿ ವ್ಯಾಪಾರದ ದೊಡ್ಡ ಮನೆತನ, ಹೆದ್ದಾರಿ ಪಕ್ಕ ಸ್ವಂತ ಪೆಟ್ರೋಲ್ ಬಂಕು. ಹಣೆ ತುಂಬ ವಿಭೂತಿ, ಆರಡಿ ದಾಟಿದ ಆಳು. ಅವರು ಬೆಂಗಳೂರಿನಲ್ಲಿ ಯಾರದೋ ಮನೆಯಲ್ಲಿ ಧೂಳು ಹಿಡಿದು ನಿಂತಿದ್ದ ಎರಡೇ ಸೀಟಿನ ಹಳದಿ ಸ್ಪೋರ್ಟ್ಸ್ ಕಾರೊಂದನ್ನು ಕೊಂಡುಬಿಟ್ಟಿದ್ದರು. ಹುಡುಗನಾಗಿದ್ದಾಗ ಎಣ್ಣೆ ಮಿಲ್ಲಿನ ಕ್ಯಾಲೆಂಡರಿನಲ್ಲಿ ಅಂಥ ಕಾರು ನೋಡಿ ಆಸೆಪಟ್ಟಿದ್ದರಂತೆ. ಲಾರಿಯ ಮೇಲೆ ಬಂದ ಕಾರು ಕೆಳಗಿಳಿದಾಗ ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲಿತ್ತು, ಎರಡು ದೀಪ ಕಣ್ಣು ಬಿಟ್ಟುಕೊಂಡಿದ್ದವು. ನಾವು ಅದಕ್ಕೆ ಕಪ್ಪೆ ಅಂತ ಹೆಸರಿಟ್ಟೆವು. ಚನ್ನಬಸಪ್ಪನವರು ಅದರೊಳಗೆ ಕೂತು ತೋರಿಸಿದರು. ಕೂರುವುದು ಕೂತರು, ಏಳುವುದಕ್ಕೆ ನಾವಿಬ್ಬರೂ ಕೈ ಕೊಡಬೇಕಾಯಿತು.

ಹೊರಗೆ ಚೆನ್ನಾಗಿದ್ದ ಕಾರು ಒಳಗೆ ಹಾಳು ಬಿದ್ದಿತ್ತು. ಡ್ಯಾಶ್‌ಬೋರ್ಡಿನ ಮೇಲ್ಭಾಗ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಪಕ್ಕದ ಪಟ್ಟಿಗಳು ಕರಗಿ, ಮುಟ್ಟಿದರೆ ಬೆಲ್ಲದ ಪಾಕದಂತೆ ಕೈಗೆ ಹತ್ತುತ್ತಿದ್ದವು. ನಾಲ್ಕು ದುಂಡು ವೆಂಟುಗಳಲ್ಲಿ ಒಂದಕ್ಕೂ ಗಾಳಿಯ ದಿಕ್ಕು ತಿರುಗಿಸುವ ರೆಕ್ಕೆ ನೆಟ್ಟಗಿರಲಿಲ್ಲ. ಎ.ಸಿ. ಹಾಕಿದರೆ ತಂಪು ಬರುವ ಬದಲು ಒಳಗೆ ಪುಡಿಯಾದ ಸ್ಪಂಜು ಸಾಸಿವೆ ಸಿಡಿದಂತೆ ಮುಖಕ್ಕೆ ಸಿಡಿಯುತ್ತಿತ್ತು.

"ಆಯ್ತದಾ ಅಮ್ಮಾ?" ಅಂದರು ಚನ್ನಬಸಪ್ಪನವರು.

"ಯಾಕಾಗಲ್ಲ? ಆಯ್ತದೆ" ಅಂದಳು ಶಾರದಕ್ಕ.

"ನೋಡಮ್ಮ, ನಾನು ಬಸವಣ್ಣನ್ನ ಕೇಳ್ದೆ ಒಂದು ಹುಲ್ಲುಕಡ್ಡೀನೂ ಎತ್ತಿಡಲ್ಲ. ಈ ಕಾರ್ ತಗೊಳ್ಳೋವಾಗ್ಲೂ ಕೇಳ್ದೆ, ನಿನ್ ಕೈಗೆ ಕೊಡೋವಾಗ್ಲೂ ಕೇಳ್ದೆ. ಎರಡ್ಸಲಾನೂ ಹೂ ಬಲಕ್ಕೇ ಬಿತ್ತು. ಬಂಕಿನ ಪಕ್ಕ ನಂದೊಂದು ಶೆಡ್ಡು ಖಾಲಿ ಬಿದ್ದೈತೆ. ಕೆಲ್ಸ ಚೆನ್ನಾಗಿ ಮಾಡ್ಕೊಡು, ಕಾರ್ ಪೂಜೆ ದಿವ್ಸ ಅದ್ನೂ ಬಸವಣ್ಣನ್ನ ಕೇಳ್ಬುಡಾನ. ಬಲಕ್ಕೆ ಕೊಟ್ಟ ಅಂದ್ರೆ ಅಲ್ಲೇ ಅಂಗಡಿ ಹಾಕ್ಕೊ."

ದೇವರ ತಲೆಯ ಮೇಲೆ ಹೂವಿಟ್ಟು ಕೇಳಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ದೇವರ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಆದರೆ ಹಲ್ಲು ಕೀಳಿಸುವುದಕ್ಕೂ ಹೂ ಕೇಳುವವರನ್ನು ನಾನು ನೋಡಿದ್ದು ಇವರೊಬ್ಬರನ್ನೇ. ಶಾರದಕ್ಕನಿಗೆ ನಗು ಬರಲಿಲ್ಲ. ಅವಳ ಕಿವಿಗೆ ಬಿದ್ದದ್ದು ಶೆಡ್ಡು ಅನ್ನುವ ಒಂದೇ ಮಾತು. ಕಲ್ಯಾಣದುರ್ಗದ ಸುತ್ತ ಕರೆಂಟು ತೆಗೆಯುವ ಗಾಳಿಫ್ಯಾನಿನ ಕಂಪನಿಗಳ ಜೀಪುಗಳು ಬೆಳಗಿನಿಂದ ಸಂಜೆವರೆಗೆ ಬಿಸಿಲಲ್ಲೇ ನಿಲ್ಲುತ್ತವೆ. ಎಲ್ಲದರ ಡ್ಯಾಶ್‌ಬೋರ್ಡೂ ಬಿರುಕು, ಎಲ್ಲದರ ವೆಂಟೂ ಮುರುಕು. ಆ ಊರಿನಲ್ಲಿ ಅದನ್ನು ಸರಿಮಾಡುವವರು ಒಬ್ಬರೂ ಇರಲಿಲ್ಲ. ಮಳೆ ಬಂದರೆ ಎಬ್ಬಿಸದ, ತನ್ನದೇ ಹೆಸರಿನ ಬೋರ್ಡು ಹಾಕಬಹುದಾದ ಒಂದು ಜಾಗ ಸಿಕ್ಕಿದರೆ ಅವಳ ಬದುಕು ದಡ ಹತ್ತುತ್ತಿತ್ತು. ಸಿಕ್ಕದಿದ್ದರೆ ಮತ್ತೆ ಯಾರದೋ ಲೈನಿನಲ್ಲಿ ಎಲೆ ಹಾಕುವ ಕೆಲಸ.

ಕಪ್ಪೆಯ ಡ್ಯಾಶ್‌ಬೋರ್ಡನ್ನು ಅವಳು ಬಿಚ್ಚಿದ ರೀತಿ ನನ್ನ ಕಣ್ಣಿಗೆ ಈಗಲೂ ಕಟ್ಟಿದೆ. ಮೊದಲು ಶೆಡ್ಡಿನ ನೆಲ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಿಟ್ಟಿನಲ್ಲಿ ಇಡೀ ಡ್ಯಾಶ್‌ಬೋರ್ಡಿನ ಚಿತ್ರ ಬರೆದಳು. ಮೀಟರಿಗೆ ಎರಡು ಸೊನ್ನೆ, ವೆಂಟಿಗೆ ನಾಲ್ಕು ಸೊನ್ನೆ. ಕಾರಿನಿಂದ ಒಂದು ಸ್ಕ್ರೂ ಬಿಚ್ಚಿದರೆ ಅದು ಚಿತ್ರದಲ್ಲಿ ಅದರದೇ ಜಾಗಕ್ಕೆ ಹೋಗಬೇಕು, ಒಂದು ಕ್ಲಿಪ್ ತೆಗೆದರೆ ಅದೂ ಅಲ್ಲಿಗೇ. ಒಂದು ಮಧ್ಯಾಹ್ನ ಸುಂಟರಗಾಳಿ ಶೆಡ್ಡಿನೊಳಗೇ ನುಗ್ಗಿ ರಂಗೋಲಿಯನ್ನೆಲ್ಲ ಎತ್ತಿಕೊಂಡು ಹೋಯಿತು. ನಾನು ಬಾಯಿ ಬಡಿದುಕೊಂಡೆ. ನೋಡಿದರೆ ಗೆರೆಗಳು ಹೋಗಿದ್ದವು, ಸ್ಕ್ರೂಗಳು ಮಾತ್ರ ಇದ್ದಲ್ಲೇ ಇದ್ದವು, ಚುಕ್ಕಿ ಇಟ್ಟ ಹಾಗೆ. ಅವಳು ಮತ್ತೆ ಹಿಟ್ಟು ತಂದು ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದಳು, ಮುಂಗೋಳಿ ಕೂಗುವ ಹೊತ್ತಿನಲ್ಲಿ ಬಾಗಿಲ ಮುಂದೆ ಎಳೆಯುವಷ್ಟೇ ನಿರಾಳವಾಗಿ.

ಅವಸರ ಅವಳಿಗೆ ಆಗುತ್ತಿರಲಿಲ್ಲ. ಪಟ್ಟಿಗಳನ್ನು ಬಿಡಿಸುವಾಗ ನಾನು ಎಳೆಯಲು ಹೋದರೆ ಕೈ ಮೇಲೆ ಒಂದು ಬಿಡುತ್ತಿದ್ದಳು. "ಎಳೀಬ್ಯಾಡ ಕಣೆ, ಮುರ್ದೋಯ್ತದೆ. ಬೆರಳಲ್ಲಿ ತಟ್ಟಿ ನೋಡು. ಎಲ್ಲಿ ಗಟ್ಟಿ ಸದ್ದು ಬತ್ತದೋ ಅಲ್ಲಿ ಕ್ಲಿಪ್ಪು ಐತೆ." ನನ್ನ ಬೆರಳಿಗೆ ಎಲ್ಲ ಸದ್ದೂ ಒಂದೇ. ಅವಳು ಕಲ್ಲಂಗಡಿ ಆರಿಸುವವಳಂತೆ ತಟ್ಟಿ, ಕಿವಿ ಕೊಟ್ಟು, ಪ್ಲಾಸ್ಟಿಕ್ ಚಾಕುವನ್ನು ಒಂದು ಕಡೆ ತೂರಿಸಿದರೆ ಪಟ್ಟಿ ತಾನಾಗಿಯೇ ಕೈಗೆ ಬರುತ್ತಿತ್ತು.

ಮೇಲ್ಭಾಗಕ್ಕೆ ಕಪ್ಪು ರೆಕ್ಸಿನ್ ಹೊದಿಸಬೇಕಿತ್ತು. ಬಿಸಿ ಗಾಳಿಯ ಮಿಷನ್ನು ನಮ್ಮ ಹತ್ತಿರ ಇರಲಿಲ್ಲ, ಹಿಂದೂಪುರದ ಬಿಸಿಲು ಇತ್ತು. ತಗಡಿನ ಮೇಲೆ ರೆಕ್ಸಿನ್ ಹರವಿದರೆ ಹಪ್ಪಳ ಒಣಗುವ ಹೊತ್ತಿಗೆಲ್ಲ ಮೆತ್ತಗಾಗುತ್ತಿತ್ತು. ಸಲೂಷನ್ ಅಂಟು ಬಳಿದು, ಇಬ್ಬರೂ ಎರಡು ಕಡೆ ಹಿಡಿದು, ಮಗುವಿಗೆ ಹೊದಿಸುವಂತೆ ಇಳಿಸಿ ಬೆರಳಲ್ಲಿ ಒತ್ತಿದೆವು. ಮೀಟರಿನ ಮೇಲಿನ ಉಬ್ಬಿನಲ್ಲಿ ಸಣ್ಣದೊಂದು ಸುಕ್ಕು ಉಳಿಯಿತು. "ಯಾರಿಗೂ ಕಾಣಲ್ಲ ಬಿಡಕ್ಕ" ಅಂದೆ. ಅವಳು ನನ್ನ ಕಡೆ ತಿರುಗಿಯೂ ನೋಡದೆ ಪೂರ್ತಿ ಕಿತ್ತು, ಮಾರನೆಯ ದಿನದ ಬಿಸಿಲಿಗೆ ಹೊಸ ತುಂಡು ಹಾಕಿದಳು. ಅವತ್ತು ನನಗೆ ಸಿಟ್ಟು ಬಂದಿತ್ತು. ಆ ಉಬ್ಬಿನ ಮೇಲೆ ನೀರಿನಂತೆ ಹರಿದು ಕೂತ ಎರಡನೆಯ ರೆಕ್ಸಿನ್ ನೋಡಿದ ಮೇಲೆ ಸಿಟ್ಟು ಎಲ್ಲಿ ಹೋಯಿತೋ.

ವೆಂಟುಗಳು ಮಾತ್ರ ನಮ್ಮನ್ನು ಅಳಿಸಿಬಿಟ್ಟವು. ಎಲ್ಲಿ ಹುಡುಕಿದರೂ ಆ ಅಳತೆಯವು ಸಿಗಲಿಲ್ಲ. ಕೊನೆಗೆ ಬೇರೆ ಕಾರಿನ ಮುರುಕು ವೆಂಟುಗಳಿಂದ ರೆಕ್ಕೆಗಳನ್ನು ತೆಗೆದು, ಉಜ್ಜಿ ಉಜ್ಜಿ ಅಳತೆಗೆ ತಂದು ಒಂದೊಂದಾಗಿ ಕೂರಿಸಿದಳು. ರೆಕ್ಕೆ ಬೆರಳಿಗೆ ತಿರುಗಬೇಕು, ಗಾಳಿಗೆ ತಿರುಗಬಾರದು, ಅದೇ ಲೆಕ್ಕ. ಒಳಗಿನ ಗಾಳಿ ಕೊಳವೆಗಳಿಗೆಲ್ಲ ಹೊಸ ಸ್ಪಂಜು ಸುತ್ತಿದೆವು. ಎಲ್ಲಾದರೂ ಗಾಳಿ ಸೋರುತ್ತಿದೆಯೋ ಎಂದು ನೋಡಲು ಅವಳು ಊದುಬತ್ತಿ ಹಚ್ಚಿ ಒಂದೊಂದು ಸಂದಿಗೂ ಹಿಡಿಯುತ್ತಿದ್ದಳು. ಹೊಗೆ ನೆಟ್ಟಗೆ ಹೋದರೆ ಸರಿ, ಬಾಗಿದರೆ ಅಲ್ಲಿ ಸೋರಿಕೆ. ಹಾದಿಯಲ್ಲಿ ಹೋಗುವವರು ನಾವು ದಿನವಿಡೀ ಕಾರಿಗೆ ಪೂಜೆ ಮಾಡುತ್ತಿದ್ದೇವೆ ಅಂದುಕೊಂಡಿದ್ದರು. ಎಲ್ಲ ಕೂರಿಸಿ ಲೇಪಾಕ್ಷಿ ರಸ್ತೆಯಲ್ಲಿ ಓಡಿಸಿದಾಗ ಎಲ್ಲೋ ಕಿರ್ ಕಿರ್ ಎಂದಿತು. ನಮ್ಮಜ್ಜಿಯ ಹಳೆಯ ಕಂಬಳಿಯಿಂದ ಸಣ್ಣ ಪಟ್ಟಿಗಳನ್ನು ಕತ್ತರಿಸಿ ಕ್ಲಿಪ್ಪುಗಳ ಅಡಿಗೆ ಇಟ್ಟಳು. ಕಪ್ಪೆ ಬಾಯಿ ಮುಚ್ಚಿಕೊಂಡಿತು.

ಕಾರು ಮುಂದಾಗಿ ಕಲ್ಯಾಣದುರ್ಗಕ್ಕೆ ಹೋಯಿತು. ಪೂಜೆಯ ದಿನ ನಾವು ಬಸ್ಸಿನಲ್ಲಿ ಹೋದೆವು. ಆಂಧ್ರದಲ್ಲಿ ಹತ್ತಿ, ಪಾವಗಡದಲ್ಲಿ ಕರ್ನಾಟಕದ ಟೀ ಕುಡಿದು, ಮತ್ತೆ ಆಂಧ್ರದಲ್ಲಿ ಇಳಿಯುವ ದಾರಿ. ಕಿಟಕಿಯ ಗಾಳಿ ಒಲೆಯ ಬಾಯಿಯಿಂದ ಬಂದಂತಿತ್ತು. ದೂರದಲ್ಲಿ ಮೋಡ ಕಟ್ಟುತ್ತಿತ್ತು. ಶಾರದಕ್ಕ ಅದನ್ನು ನೋಡಿ ಮುಖ ತಿರುಗಿಸಿದಳು. ಇಸ್ತ್ರಿ ಮಾಡಿದ ಸೀರೆ, ಮೊಳ ಮಲ್ಲಿಗೆ, ಚೀಲದಲ್ಲಿ ಮಾತ್ರ ಯಾವಾಗಿನಂತೆ ಸ್ಕ್ರೂಡ್ರೈವರು, ಸ್ಪಂಜು, ಸಲೂಷನ್ ಡಬ್ಬಿ.

ಬಂಕಿನ ಪಕ್ಕದ ಆ ಖಾಲಿ ಶೆಡ್ಡಿನಲ್ಲೇ ಕಾರು ನಿಲ್ಲಿಸಿ ಪೂಜೆಗೆ ಅಣಿ ಮಾಡಿದ್ದರು. ಒಳಗೆ ಕಾಲಿಟ್ಟವಳು ಕಾರಿಗಿಂತ ಮೊದಲು ಗೋಡೆ ನೋಡಿದಳು, ನಲ್ಲಿ ನೋಡಿದಳು, ಕಿಟಕಿಯಿಂದ ಬೆಳಕು ಎಲ್ಲಿ ಬೀಳುತ್ತದೆ ಅಂತ ನೋಡಿದಳು. ನನ್ನ ಕಿವಿಯಲ್ಲಿ, "ಈ ಗೋಡೆಗೆ ವೆಂಟುಗಳ್ನೆಲ್ಲ ನೇತಾಕ್ಬೋದು ಕಣೆ" ಅಂದಳು. ಆಮೇಲೆ ಕಾರಿನ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು.

ಡ್ಯಾಶ್‌ಬೋರ್ಡಿನ ನಡುಮಧ್ಯೆ ಹಿತ್ತಾಳೆಯ ಪುಟ್ಟ ಬಸವಣ್ಣ ಕೂತಿದ್ದ. ಕೂತದ್ದು ತಪ್ಪಲ್ಲ. ನಾವು ಹಪ್ಪಳದ ಬಿಸಿಲಲ್ಲಿ ಹೊದಿಸಿದ ರೆಕ್ಸಿನ್ನಿಗೆ ತೂತು ಹೊಡೆದು, ಬೆರಳುದ್ದದ ಸ್ಕ್ರೂ ಇಳಿಸಿ, ಬಿಗಿದು ಕೂರಿಸಿದ್ದರು.

"ಪಕ್ಕದ ವೆಲ್ಡಿಂಗ್ ಅಂಗಡಿಯೋನ ಕೈಲಿ ಹಾಕಿಸ್ದೆ" ಅಂದರು ಚನ್ನಬಸಪ್ಪನವರು, ಸಂತೋಷದಿಂದ. "ಗಮ್ಮಲ್ಲಿ ಅಂಟ್ಸಿದ್ರೆ ಅದೊಂದು ದೇವ್ರಾ? ಪ್ರತಿಷ್ಠೆ ಅಂದ್ರೆ ಗಟ್ಟಿಯಾಗಿರ್ಬೇಕು ಕಣಮ್ಮ."

ಶಾರದಕ್ಕ ಪೀಠದ ಸುತ್ತ ಎದ್ದ ಸುಕ್ಕನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಸಿಟ್ಟು ನುಂಗುವುದು ಅವಳಿಗೆ ಎಷ್ಟು ಕಷ್ಟ ಅಂತ ನನಗಷ್ಟೇ ಗೊತ್ತಿತ್ತು.

ಪೂಜೆ ಆಯಿತು. ಕಾರಿನ ಯಜಮಾನರು ಮೊಣಕಾಲು ಎದೆಗೆ ತಾಗಿಸಿಕೊಂಡು ಕಾರಿನಲ್ಲಿ ಕೂತು, ಎಂಜಿನ್ ಶುರುಮಾಡಿ, ಎ.ಸಿ. ಹಾಕಿದರು. ನಾಲ್ಕೂ ವೆಂಟುಗಳಿಂದ ತಂಪು ಬಂತು. ಒಂದು ಸಾಸಿವೆ ಕಾಳೂ ಸಿಡಿಯಲಿಲ್ಲ. "ಅಬ್ಬಬ್ಬಾ, ಚಾಲಾ ಬಾಗುಂದಮ್ಮಾ! ಬಲು ಚೆನ್ನಾಗೈತೆ, ನಂದಿಬೆಟ್ಟಕ್ಕೆ ಹೋದಂಗೈತೆ" ಅಂದರು. ಎ.ಸಿ. ಓಡುತ್ತಿರುವಾಗಲೇ ಬಸವಣ್ಣನ ತಲೆಯ ಮೇಲೆ ನಂದಿಬಟ್ಟಲ ಹೂವೊಂದನ್ನಿಟ್ಟು ಕೈಮುಗಿದರು. "ತಂದೆ, ಈ ಹೆಣ್ಮಗೀಗೆ ಶೆಡ್ಡು ಕೊಡ್ಬೋದಾದ್ರೆ ಬಲಕ್ಕೆ ಕೊಡಪ್ಪ."

ಹೂ ಒಂದು ಸಲ ನಡುಗಿ ಎಡಕ್ಕೆ ಬಿತ್ತು.

ಮತ್ತೆ ಇಟ್ಟರು, ಮತ್ತೆ ಎಡಕ್ಕೆ. ಮೂರನೆಯ ಸಲವೂ ಎಡಕ್ಕೇ. ಚನ್ನಬಸಪ್ಪನವರ ಮುಖ ಸಣ್ಣಗಾಯಿತು. "ಕೆಲ್ಸಕ್ಕೆ ಒಂದು ಕುಂದಿಲ್ಲಮ್ಮ. ಆದ್ರೆ ಬಸವಣ್ಣ ಒಪ್ತಿಲ್ವಲ್ಲ, ನಾನೇನ್ ಮಾಡ್ಲಿ?" ಅವರಿಗೂ ನಿಜವಾಗಿ ಬೇಸರವಾಗಿತ್ತು. ಶಾರದಕ್ಕ ಗೋಡೆಯ ಕಡೆ ಒಮ್ಮೆ ನೋಡಿದಳು. ನನಗೆ ಅಳು ಒತ್ತಿ ಬಂತು.

ಆಮೇಲೆ ಅವಳ ಕಣ್ಣು ಪೂಜೆಗೆ ಹಚ್ಚಿ ಅಲ್ಲೇ ಸಿಕ್ಕಿಸಿದ್ದ ಊದುಬತ್ತಿಯ ಮೇಲೆ ಹೋಯಿತು. ಹೊಗೆ ನೆಟ್ಟಗೆ ಏಳುತ್ತಾ ಬಂದು ಬಸವಣ್ಣನ ಬಲಗಾಲಿನ ಹತ್ತಿರ ತಟ್ಟನೆ ಎಡಕ್ಕೆ ಬಾಗುತ್ತಿತ್ತು. ಇಬ್ಬರಿಗೂ ಒಂದೇ ಸಲ ಹೊಳೆಯಿತು. ಆ ಉದ್ದನೆಯ ಸ್ಕ್ರೂ ರೆಕ್ಸಿನ್ ದಾಟಿ ಅಡಿಯ ಗಾಳಿ ಕೊಳವೆಯನ್ನೂ ತೂತು ಮಾಡಿತ್ತು. ಬಸವಣ್ಣನ ಪೀಠದ ಬಲಪಕ್ಕದಿಂದ ಎ.ಸಿ. ಗಾಳಿ ಸೋರಿ ಹೂವನ್ನು ಎಡಕ್ಕೆ ತಳ್ಳುತ್ತಿತ್ತು.

ನಾನು ಅವಳ ಸೊಂಟ ಚಿವುಟಿ ಪಿಸುಗುಟ್ಟಿದೆ: "ಅಕ್ಕಾ, ಬಾಯ್ ಬಿಡ್ಬ್ಯಾಡ. ಸ್ಕ್ರೂ ಬಿಗೀ ಮಾಡ್ತೀನಿ ಅಂತ ಪೀಠಾನ ಚೂರು ಆ ಕಡೆ ತಿರುಗ್ಸು. ಗಾಳಿ ಇನ್ನೊಂದ್ ಪಕ್ಕದಿಂದ ಬತ್ತದೆ, ಹೂ ಬಲಕ್ಕೇ ಬೀಳ್ತದೆ."

ನಾನು ಹೇಳಿದ್ದು ಆಗುವ ಮಾತೇ. ಅವಳ ಬೆರಳಿಗೆ ಅದು ಚಿಟಿಕೆ ಹೊಡೆಯುವಷ್ಟರ ಕೆಲಸ. ಅವಳು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

"ದೇವ್ರು ಮಾತಾಡೋದಾದ್ರೆ ಅವ್ನೇ ಮಾತಾಡ್ಲಿ. ನನ್ ವೆಂಟು ಅವ್ನ ಬಾಯಾಗೋದು ಬ್ಯಾಡ."

ಹಾಗಂದು ಯಜಮಾನರ ಹತ್ತಿರ ಹೋದಳು. "ಯಜಮಾನ್ರೆ, ಎ.ಸಿ. ಗಾಳಿ ಸೋರ್ತಾ ಐತೆ. ದೇವ್ರನ್ನ ನೀವೇ ಎತ್ತಿ. ಗಾಳಿ ನಾನು ನೋಡ್ತೀನಿ."

ಚನ್ನಬಸಪ್ಪನವರು ಹುಬ್ಬು ಗಂಟಿಕ್ಕಿದರು. "ಅಂದ್ರೆ? ಹೂ ಬಿದ್ದಿದ್ದು ಗಾಳೀಗೆ ಅಂತೀಯಾ?"

"ಹೂವಿನ ವಿಷ್ಯ ನಂಗೊತ್ತಿಲ್ಲ ಯಜಮಾನ್ರೆ. ಗಾಳಿ ಸೋರೋದು ನಂಗೊತ್ತು."

ಯಜಮಾನರ ಹೆಂಡತಿ ಗಿರಿಜಮ್ಮನವರು ಮಜ್ಜಿಗೆ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನನ್ ಮದ್ವೆ ಆಗಾಕೂ ಹೂ ಕೇಳಿದ್ರಂತೆ. ಅವತ್ತೂ ಮನೇಲಿ ಫ್ಯಾನ್ ಓಡ್ತಿತ್ತೋ ಏನೋ!" ಅಂದರು. ಯಜಮಾನರು ಎಂಜಿನ್ ನಿಲ್ಲಿಸಿ, ಸ್ಕ್ರೂ ಬಿಚ್ಚಿ, ಬಸವಣ್ಣನನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು.

ಇಸ್ತ್ರಿ ಸೀರೆ ಎತ್ತಿಕಟ್ಟಿ ಶಾರದಕ್ಕ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದಳು. ನಡುವಿನ ವೆಂಟನ್ನು ಹೊರಗೆಳೆದು, ಆ ದಾರಿಯಿಂದ ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು ಕೊಳವೆಯ ತೂತು ಹುಡುಕಿದಳು. ಸಲೂಷನ್ ಹಚ್ಚಿದ ಸ್ಪಂಜು, ಅದರ ಮೇಲೊಂದು ಕಂಬಳಿಯ ಬಿಲ್ಲೆ. ಮಲ್ಲಿಗೆಯೆಲ್ಲ ನೆಲದ ಪಾಲಾಯಿತು. ಆಮೇಲೆ ಗಿಡ್ಡನೆಯ ಸ್ಕ್ರೂ ಒಂದನ್ನು ಚೀಲದಿಂದ ಆರಿಸಿ, ಯಜಮಾನರು ಇಟ್ಟ ಜಾಗದಲ್ಲೇ, ಅವರು ಇಟ್ಟ ದಿಕ್ಕಿಗೇ ಬಸವಣ್ಣನನ್ನು ಬಿಗಿದಳು. ಎ.ಸಿ. ಹಾಕಿ ಊದುಬತ್ತಿ ಹಿಡಿದಳು. ಹೊಗೆ ದಾರ ಹಿಡಿದಂತೆ ನೆಟ್ಟಗೆ ಹೋಯಿತು. ತನ್ನ ಕೈಯಾರೆ ತನ್ನ ಅದೃಷ್ಟದ ಬಾಗಿಲು ಮುಚ್ಚಿಕೊಂಡಳಲ್ಲ ಎಂದು ನಾನು ಒಳಗೊಳಗೇ ಬೈದುಕೊಂಡೆ. ಆದರೂ ಅವಳ ಪಕ್ಕದಲ್ಲಿ ನಿಂತಿದ್ದೇನಲ್ಲ ಎಂಬ ಹೆಮ್ಮೆಗೆ ಮೈ ಜುಮ್ಮೆಂದಿತು.

ಯಜಮಾನರು ಹೊಸ ಹೂವನ್ನಿಟ್ಟರು. ಅದೇ ಮಾತು ಕೇಳಿಕೊಂಡರು. ಹೂ ಅಲುಗಲಿಲ್ಲ. ಗಾಳಿ ಎಲ್ಲಿಗೆ ಬರಬೇಕೋ ಅಲ್ಲಿಗೆ, ಅವರ ಮುಖಕ್ಕೆ, ಎದೆಗೆ ಬರುತ್ತಿತ್ತು. ಬಸವಣ್ಣನ ತಲೆಯ ಮೇಲೆ ಮಾತ್ರ ಹೂ ಹಾಗೇ ಇತ್ತು. ಅವರು ಕಾದರು. ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳಿಕೊಂಡರು. ಗಿರಿಜಮ್ಮನವರ ಕೈಯ ಮಜ್ಜಿಗೆ ಬಿಸಿಯಾಯಿತು. ಹೊರಗೆ ಬಂಕಿಗೆ ಲಾರಿಗಳು ಬಂದವು, ಹೋದವು. ಹೂ ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ.

ಕೊನೆಗೆ ಚನ್ನಬಸಪ್ಪನವರು ಕಣ್ಣು ಬಿಟ್ಟರು. ದಾರಿ ತಪ್ಪಿದವರ ಹಾಗೆ ಸುತ್ತ ನೋಡಿದರು. ಹೂ ಇಲ್ಲದೆ ಒಂದು ತೀರ್ಮಾನ ಮಾಡುವುದು ಹೇಗೆ ಎಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಬಸವಣ್ಣ ಸುಮ್ಕವ್ನೆ" ಅಂದರು. ಆಮೇಲೆ ಶಾರದಕ್ಕನ ಕಡೆ ತಿರುಗಿದರು. "ನೀನೇ ಹೇಳ್ಬುಡಮ್ಮ. ಕೊಡ್ಲಾ, ಬ್ಯಾಡ್ವಾ?"

"ಕೊಡಿ" ಅಂದಳು ಶಾರದಕ್ಕ, ಒಂದು ಕ್ಷಣವೂ ತಡೆಯದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೆಳಗಿನಿಂದ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು. "ಎಲ್ಲಾದ್ಕೂ ಬಸವಣ್ಣನ್ನ ಕೇಳ್ತೀರಿ. ತೂತು ಹೊಡಿಯಾಕ್ ಮುಂಚೆ ನನ್ನೊಂದ್ ಮಾತು ಕೇಳ್ಬೋದಾಗಿತ್ತು ಯಜಮಾನ್ರೆ."

ಎಲ್ಲ ಮುಗಿಯಿತು ಅಂತ ನಾನು ಕಣ್ಣು ಮುಚ್ಚಿಕೊಂಡೆ. ಗಿರಿಜಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಯಜಮಾನರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಬಹಳ ಹೊತ್ತು ಆ ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿದರು, ಮೀಟರಿನ ಉಬ್ಬಿನ ಮೇಲೆ ಅವರ ಬೆರಳು ಎಲ್ಲೂ ತಡೆಯಲಿಲ್ಲ. ಆಮೇಲೆ ಸೊಂಟದ ಗೊಂಚಲಿನಿಂದ ಶೆಡ್ಡಿನ ಬೀಗದಕೈ ಬಿಡಿಸಿದರು.

"ಹೌದಮ್ಮ, ಕೇಳ್ಬೇಕಾಗಿತ್ತು" ಎಂದು ಅವಳ ಅಂಗೈಯಲ್ಲಿ ಇಟ್ಟರು. ಅವಳ ಕೈಯಲ್ಲಿ ಇನ್ನೂ ಸಲೂಷನ್ ಆರಿರಲಿಲ್ಲ. ಬೀಗದಕೈ ಅಲ್ಲೇ ಅಂಟಿಕೊಂಡುಬಿಟ್ಟಿತು.